ಮೂಗಪ್ಪನ ಪಿಲ್ಸ್‌ನರ್

ಬಿಯರ್ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಮೂಗಪ್ಪ ಅದರೊಳಕ್ಕೆ ಮೂಗು ಇಳಿಸಿದ. ಗೋಡೆಯನ್ನು ಮೂಸಿದ ಹಾಗಾಯಿತು. ತಣ್ಣನೆಯ ಗಾಳಿ ಒಳಗೆ ಹೋಯಿತು, ಹೋದ ದಾರಿಯಲ್ಲೇ ಹೊರಗೆ ಬಂತು. ಮೇಜಿನ ಆಚೆ ಕೂತಿದ್ದ ಹೋಟೆಲಿನ ಯಜಮಾನರು ಅವನ ಮುಖವನ್ನೇ ನೋಡುತ್ತಿದ್ದರು.

“ಮೊದಲು ಆಗಷ್ಟೇ ಕೊಯ್ದ ಹುಲ್ಲು,” ಎಂದ ಮೂಗಪ್ಪ, ಕಣ್ಣು ಮುಚ್ಚಿ. “ಅದರ ಹಿಂದೆ ಬ್ರೆಡ್ಡಿನ ತಿರುಳು. ಕೊನೆಗೆ ಜೇನು, ಒಂದೇ ಒಂದು ಎಳೆ.”

ಯಜಮಾನರು ತಮ್ಮ ಲೋಟ ಮೂಸಿದರು, ಒಂದು ಗುಟುಕು ಕುಡಿದರು, ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡರು. ಮೂಗಪ್ಪನ ತಂಗಿ ಖಾಲಿ ತಟ್ಟೆ ಹಿಡಿದುಕೊಂಡು ಶೀತಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಲೋಟಗಳನ್ನು ತುಂಬಿಸಿ ತಂದವಳೂ ಅವಳೇ.

ಬಿಯರ್ ಮಾಡುವವರ ನಡುವೆ ಅವನ ಹುಟ್ಟುಹೆಸರು ಯಾರಿಗೂ ನೆನಪಿರಲಿಲ್ಲ. ಮುಚ್ಚಿದ ಮೂಟೆಯ ಪಕ್ಕ ಹಾದುಹೋಗುತ್ತಲೇ ಒಳಗಿನ ಮಾಲ್ಟಿಗೆ, ಮೊಳಕೆ ಬರಿಸಿ ಒಣಗಿಸಿದ ಆ ಬಾರ್ಲಿಗೆ, ಮುಗ್ಗಲು ಹಿಡಿದಿದೆ ಎಂದುಬಿಡುತ್ತಿದ್ದ. ಮೂಗಪ್ಪ ಎಂಬ ಹೆಸರು ಹಾಗೆ ಬಿದ್ದು ಹಾಗೇ ಅಂಟಿತು. ಕಳೆದ ಚಳಿಗಾಲದಲ್ಲಿ ಒಂದು ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ವಾಸನೆಯನ್ನು ಕಟ್ಟಿಕೊಂಡು ಹೋಯಿತು. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಮೂಗಪ್ಪ ಅದನ್ನು ಹೆಂಡತಿಗೆ ಹೇಳಲಿಲ್ಲ, ತಂಗಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ. ನಾಲಗೆಗೆ ಕಹಿ ತಿಳಿಯುತ್ತಿತ್ತು, ಗ್ಯಾಸಿನ ಚುರುಕು ತಿಳಿಯುತ್ತಿತ್ತು. ಕಾಫಿ ಮಾತ್ರ ಬರೀ ಬಿಸಿ ಕಹಿನೀರಾಗಿತ್ತು. ಸ್ನಾನ ಮಾಡಿಸಿದ ಮಗುವನ್ನು ಎತ್ತಿಕೊಂಡರೆ ತೂಕವಷ್ಟೇ ಗೊತ್ತಾಗುತ್ತಿತ್ತು.

ಕೈಗೆ ಕೆಲಸ ನೆನಪಿದೆ, ಮೂಗು ಇಲ್ಲದಿದ್ದರೇನು ಎಂದು ಅವನು ಹಟ ಹಿಡಿದ. ಕಪ್ಪು ಬಿಯರ್ ಮಾಡಬಹುದಿತ್ತು. ಹುರಿದ ಮಾಲ್ಟಿನ ಘಾಟಿನಲ್ಲಿ ಎಷ್ಟೋ ತಪ್ಪುಗಳು ಅಡಗಿಹೋಗುತ್ತವೆ. ಅವನು ತಿಳಿಯಾದ ಹೊಂಬಣ್ಣದ ಪಿಲ್ಸ್‌ನರ್‌ಗೇ ಕೈಹಾಕಿದ. “ಪಿಲ್ಸ್‌ನರ್ ಅಂದ್ರೆ ಬೆತ್ತಲೆ ನಿಂತ ಹಾಗೆ, ಮುಚ್ಕೊಳ್ಳೋಕೆ ಏನೂ ಇರಲ್ಲ” ಎಂದು ತಂಗಿಗೆ ಕಲಿಸಿದವನು ಅವನೇ. ಇದೊಂದು ಗೆದ್ದರೆ ಮೂಗಿಲ್ಲದೆಯೂ ಬದುಕಬಹುದು ಎಂದು ಮನಸ್ಸಿನಲ್ಲೇ ಪಂಥ ಕಟ್ಟಿದ್ದ. ಹಂಡೆ ಕುದಿಯುವ ಸದ್ದಿಗೆ ಕಿವಿಗೊಟ್ಟ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂಗಳನ್ನು ಬೆರಳಲ್ಲಿ ಉಜ್ಜಿ ಅಂಟು ನೋಡಿದ, ಥರ್ಮಾಮೀಟರಿನ ಮುಂದೆ ದೇವರ ಮುಂದೆ ನಿಂತ ಹಾಗೆ ನಿಂತ. ಅದೇ ವಾರಗಳಲ್ಲಿ ತಂಗಿ ಗೋಡೆ ಪಕ್ಕದ ಸಣ್ಣ ಟ್ಯಾಂಕಿನಲ್ಲಿ ತನ್ನದೇನೋ ಪ್ರಯೋಗ ಮಾಡಿಕೊಳ್ಳುತ್ತಿದ್ದಳು. ರುಚಿ ನೋಡೆಂದು ಲೋಟ ಹಿಡಿದು ಬಂದಾಗಲೆಲ್ಲ ಅವನು ಆಮೇಲೆ ನೋಡೋಣವೆಂದು ಜಾರಿಕೊಂಡಿದ್ದ.

ಯಜಮಾನರು ಲೋಟ ಕೆಳಗಿಟ್ಟರು. “ಹುಲ್ಲು ನನಗೆ ಮೊದಲು ಸಿಗಲಿಲ್ಲ. ನೀವು ಹೇಳಿದ ಮೇಲೆ ಸಿಕ್ತು ನೋಡಿ. ಜೇನೂ ಇದೆ. ಇಷ್ಟು ವರ್ಷದಲ್ಲಿ ನೀವು ಮಾಡಿದ್ದರಲ್ಲೆಲ್ಲ ಇದೇ ಒಳ್ಳೇದು.”

ಹೊಸದಾಗಿ ತೆರೆಯುವ ಹೋಟೆಲಿಗೆ ಇದೇ ಬಿಯರ್ ಇರಲಿ ಎಂದು ಹೇಳಿ, ಕೈಕುಲುಕಿ ಹೊರಟರು. ಮೂಗಪ್ಪ ಬೀದಿಯ ಕೊನೆಯವರೆಗೂ ಅವರ ಜೊತೆ ನಡೆದ. ಹಿಂದಿರುಗುವಾಗ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ತಿಂಗಳುಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿಕೊಂಡು ಹೋದ ಹಾಗಿತ್ತು. ಇವತ್ತು ರಾತ್ರಿ ಹೆಂಡತಿಗೆ ಎಲ್ಲವನ್ನೂ ನಗುತ್ತಲೇ ಹೇಳಿಬಿಡಬಹುದು ಅಂದುಕೊಂಡ.

ಶೀತಕೋಣೆಗೆ ಹೋಗಿ, ತನ್ನ ದೊಡ್ಡ ಟ್ಯಾಂಕಿನ ನಲ್ಲಿಗೆ ಲೋಟ ಹಿಡಿದ. ನಲ್ಲಿ ಒಮ್ಮೆ ಉಸ್ಸೆಂದು ಸುಮ್ಮನಾಯಿತು. ಮತ್ತೆ ತಿರುಗಿಸಿದ. ಬೆರಳ ಗಿಣ್ಣಿನಿಂದ ಟ್ಯಾಂಕನ್ನು ತಟ್ಟಿದ. ಮೇಲೆ, ನಡುವೆ, ಬುಡದಲ್ಲಿ. ಎಲ್ಲಿ ತಟ್ಟಿದರೂ ಖಾಲಿ ಡಬ್ಬದ ಸದ್ದು.

“ಅದರಲ್ಲಿ ಏನೂ ಇಲ್ಲ ಅಣ್ಣ,” ಎಂದಳು ತಂಗಿ ಹಿಂದಿನಿಂದ. “ನೀನು ಹಾಪ್ಸ್ ತರೋಕೆ ಹೋಗಿದ್ದಾಗಲೇ ಚರಂಡಿಗೆ ಬಿಟ್ಟೆ.”

ಅವನು ತಿರುಗಿ ನೋಡಲಿಲ್ಲ. ಏನಾಗಿತ್ತು ಎಂದು ಕೇಳಿದ.

“ಬೇಯಿಸಿದ ಕೋಸಿನ ವಾಸನೆ. ಕುದಿಯುವಾಗ ಹಂಡೆಯ ಮುಚ್ಚಳ ತೆಗೆಯೋದು ಮರೆತಿದ್ದೆ ನೀನು, ಆವಿಯಲ್ಲಿ ಹೋಗ್ಬೇಕಾದ್ದು ಬಿಯರಲ್ಲೇ ಉಳೀತು. ಮೊದಲಾಗಿದ್ರೆ ಬೀದಿ ಆಚೆಯಿಂದಲೇ ಓಡಿ ಬಂದಿರ್ತಿದ್ದೆ. ಅವತ್ತು ಹಂಡೆ ಪಕ್ಕದಲ್ಲೇ ಕೂತು ಶಿಳ್ಳೆ ಹಾಕ್ತಿದ್ದೆ.”

“ಹಾಗಾದ್ರೆ ಯಜಮಾನರು ಕುಡಿದಿದ್ದು?”

ಅವಳು ಗೋಡೆ ಪಕ್ಕದ ಸಣ್ಣ ಟ್ಯಾಂಕಿನ ಕಡೆ ನೋಡಿದಳು. ಅವನ ಲೆಕ್ಕದಲ್ಲೇ, ಅವನ ಮಾಲ್ಟಿನಲ್ಲೇ, ಅವನ ಪಿಲ್ಸ್‌ನರನ್ನು ಅವನು ಕುದಿಸಿದ ಮರುದಿನವೇ ಇನ್ನೊಮ್ಮೆ ಮಾಡಿಟ್ಟಿದ್ದಳು.

ತನ್ನ ಮೂಗಿನ ವಿಷಯ ಎಂದಿನಿಂದ ಗೊತ್ತು ಎಂದು ಅವನು ಖಾಲಿ ಟ್ಯಾಂಕಿನ ನಲ್ಲಿ ಮುಚ್ಚುತ್ತ ಕೇಳಿದ. ಜ್ವರದಿಂದ ಎದ್ದು ಬಂದ ವಾರದಲ್ಲೇ ಗೊತ್ತಾಯಿತು ಎಂದಳು. ಬಾಯಿ ಬಿಡಲಿಲ್ಲ ಏಕೆ ಎಂದದ್ದಕ್ಕೆ, ಹೇಗೆ ಬಿಡುವುದು ಎಂದು ಅವಳೇ ತಿರುಗಿ ಕೇಳಿದಳು. ನಿನ್ನ ಅತ್ತಿಗೆಗೆ ಗೊತ್ತಾಗುವುದು ಬೇಡ ಎಂದ ಅವನು.

“ಹಾಲು ಕೆಟ್ಟಿದೆಯಾ ನೋಡಿ ಅಂತ ಅತ್ತಿಗೆ ನಿನ್ನನ್ನ ಕೇಳೋದು ಬಿಟ್ಟು ಎಷ್ಟು ಕಾಲ ಆಯ್ತು,” ಎಂದಳು ತಂಗಿ, ನಿಧಾನವಾಗಿ. “ನೀನು ಅದನ್ನೂ ಗಮನಿಸ್ಲಿಲ್ವಾ?”

ಮೂಗಪ್ಪ ಖಾಲಿ ಪೀಪಾಯಿಯೊಂದರ ಮೇಲೆ ಕೂತ. ಮನೆಯಲ್ಲಿ ಎಲ್ಲರೂ ತನ್ನ ಸುತ್ತ ಕುರುಡನ ಸುತ್ತ ನಡೆಯುವಂತೆ, ದಾರಿಯಲ್ಲಿದ್ದ ಕುರ್ಚಿಗಳನ್ನೆಲ್ಲ ಸದ್ದಿಲ್ಲದೆ ಸರಿಸಿಕೊಂಡು ಓಡಾಡಿದ್ದಾರೆ. ತಾನು ದಾರಿ ಸಲೀಸಾಗಿದೆ ಎಂದು ಬೀಗುತ್ತಿದ್ದ. ಅಳು ಬಂದಿದ್ದರೆ ಒಳ್ಳೆಯದಿತ್ತು. ಬರಲಿಲ್ಲ.

“ನಿನ್ನ ಬಿಯರಲ್ಲಿ ಹುಲ್ಲು ಇತ್ತಾ?” ಎಂದ ಕೊನೆಗೆ.

ಅವಳು ಸುಳ್ಳು ಹೇಳಬಹುದಿತ್ತು. “ಇರ್ಲಿಲ್ಲ. ಜೇನೂ ಇರ್ಲಿಲ್ಲ. ನಿಂಬೆ ಸಿಪ್ಪೆ, ಆಮೇಲೆ ಸ್ವಲ್ಪ ಮೆಣಸು.”

“ಅವರು ಹೂಂ ಅಂದ್ರಲ್ಲ.”

“ನೀನು ಹೇಳಿದೆಯಲ್ಲ ಅಣ್ಣ, ಅದಕ್ಕೆ.”

ಮಧ್ಯಾಹ್ನವಾಗುತ್ತಿತ್ತು. ಹೊಸ ಹೋಟೆಲಿಗೆ ಬಿಯರ್ ಬೇಕೆಂದರೆ ಇವತ್ತೇ ಹಂಡೆ ಏರಿಸಬೇಕು. ಕೆಲಸ ಯಾರ ದುಃಖಕ್ಕೂ ಕಾಯುವುದಿಲ್ಲ. ತಂಗಿ ಹಂಡೆಯ ಕೋಣೆಗೆ ಹೋಗಿ, ಒಲೆ ಹೊತ್ತಿಸಿ, ನೀರು ಬಿಟ್ಟಳು. ಮೂಗಪ್ಪ ಎದ್ದು ಅವಳ ಹಿಂದೆಯೇ ಬಂದ. ಎಷ್ಟು ಮೂಟೆ ಬೇಕು ಎಂದು ಅವಳನ್ನು ಕೇಳಿದ. ಈ ಕೋಣೆಯಲ್ಲಿ ಅವನು ಆ ಮಾತನ್ನು ಇನ್ನೊಬ್ಬರಿಗೆ ಕೇಳಿದ್ದು ಅದೇ ಮೊದಲು. ಅವಳು ನೆಲ ನೋಡಿಕೊಂಡು ಹೇಳಿದಳು.

ಅವನು ಉಗ್ರಾಣದಿಂದ ಮಾಲ್ಟಿನ ಮೂಟೆಯನ್ನು ಹೆಗಲ ಮೇಲೆ ಹೊತ್ತು ತಂದು ಹಂಡೆಯ ಪಕ್ಕ ಇಳಿಸಿದ, ಮತ್ತೊಂದಕ್ಕೆ ಹೋದ. ಅದನ್ನು ಹೊತ್ತು ಬಾಗಿಲು ದಾಟುವಾಗ ತಂಗಿ ಮೊದಲ ಮೂಟೆಯ ಬಾಯಿ ಬಿಚ್ಚಿ, ಒಂದು ಹಿಡಿ ಮಾಲ್ಟ್ ತೆಗೆದು ಮೂಗಿನ ಬಳಿ ಹಿಡಿದಿದ್ದಳು. ಅವನನ್ನು ಕಂಡವಳೇ ಕೈ ಕೆಳಗಿಳಿಸಿ ಸೀರೆಯ ಮಡಿಕೆಯಲ್ಲಿ ಮರೆಸಿಕೊಂಡಳು. ಬೆರಳ ಸಂದಿಯಿಂದ ಕಾಳುಗಳು ಒಂದೊಂದೇ ನೆಲಕ್ಕೆ ಉದುರುತ್ತಿದ್ದವು. ಮೂಗಪ್ಪ ಮೂಟೆ ಇಳಿಸಿ, ಭುಜದ ಧೂಳು ಕೊಡವಿಕೊಂಡು, ಇನ್ನೊಂದನ್ನು ತರಲು ಉಗ್ರಾಣದ ಕಡೆ ತಿರುಗಿದ.