ಮೇಲೆತ್ತುವ ಸನ್ನೆ

"ನನ್ನ ಮೊಮ್ಮಗಳಿಗೆ ಇರೋ ನಂಬಿಕೆ ಈ ಪಾಸ್ಟರಿಗೆ ಇಲ್ಲ," ಎಂದು ಅಪ್ಪ ಮೈಕಿನಲ್ಲಿ ಹೇಳಿದ್ದೇ ತಡ, ಹಿಂದಿನ ಸಾಲಿನಲ್ಲಿ ಕೂತಿದ್ದ ಕ್ರೇನಮ್ಮನ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಪುಡಿಪುಡಿಯಾಯಿತು. ಪಕ್ಕದಲ್ಲಿ ಕಾಲಾಡಿಸುತ್ತ ಕೂತಿದ್ದ ಪುಟ್ಟಿ ಮೊದಲು ಪೊಟ್ಟಣವನ್ನು, ಆಮೇಲೆ ಅಮ್ಮನ ಮುಖವನ್ನು ನೋಡಿದಳು. ತಾತ ಹೇಳುತ್ತಿರುವುದು ತನ್ನ ವಿಷಯ ಎಂದು ಅವಳಿಗೆ ಗೊತ್ತಾಗಿಹೋಗಿತ್ತು.

ಸಭೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕರ್ತನ ಎರಡನೆಯ ಬರೋಣದ, ಅಂದರೆ ಅವನು ಭೂಮಿಗೆ ಮರಳಿ ಬರುವ ದಿನದ ವಿಷಯಕ್ಕೆ ಸಭೆ ಇಬ್ಭಾಗವಾಗಿ, ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರು ಈಗ ಬೇರೆ ಬೇರೆ ಬಾಗಿಲಿನಿಂದ ಒಳಗೆ ಬರುತ್ತಿದ್ದರು. ಲೋಕದ ಕೊನೆಯ ದಿನಗಳ ಮಹಾಸಂಕಟ ಶುರುವಾಗುವ ಮೊದಲೇ ಕರ್ತನು ತನ್ನವರನ್ನು ಆಕಾಶಕ್ಕೆ ಎತ್ತಿಕೊಳ್ಳುತ್ತಾನೆ, ಉಳಿದವರು ಇಲ್ಲೇ ಬಿದ್ದು ಒದ್ದಾಡುತ್ತಾರೆ ಎಂಬುದು ಅಪ್ಪನ ಕಡೆಯವರ ವಾದ. ಮೊದಲೇ ಎತ್ತುವುದೆಲ್ಲ ಸುಳ್ಳು, ನಂಬಿದವರೂ ಸಂಕಟವನ್ನು ಪೂರ್ತಿ ದಾಟಬೇಕು, ಬರೋಣ ಆಮೇಲೆಯೇ ಎಂಬುದು ಹೊಸ ಪಾಸ್ಟರ ವಾದ. ಜಗಳ ಬೀದಿಗೆ ಬೀಳುವ ಮೊದಲು ಎಲ್ಲರೆದುರು ಚರ್ಚೆಯಾಗಲಿ ಎಂದು ವೇದಿಕೆಯ ಮೇಲೆ ಎರಡು ಕುರ್ಚಿ, ಎರಡು ಮೈಕು ಇಟ್ಟಿದ್ದರು. ನೀರನ್ನು ಮಾತ್ರ ಇಬ್ಬರೂ ಒಂದೇ ಜಗ್ಗಿನಿಂದ ಬಗ್ಗಿಸಿಕೊಂಡು ಕುಡಿಯುತ್ತಿದ್ದರು.

ಅಪ್ಪ ಜೀವಮಾನವಿಡೀ ಕಟ್ಟಡಗಳಲ್ಲಿ ವೆಲ್ಡಿಂಗ್ ಮಾಡಿ, ಕಣ್ಣು ಸೋತ ಮೇಲೆ ಸಭೆಯ ಹಿರಿಯರಾದವರು. ಮಗಳಿಗೆ ಟವರ್ ಕ್ರೇನ್ ಓಡಿಸುವ ಕೆಲಸ ಕೊಡಿಸಿದ್ದೂ ಅವರೇ. ಸೈಟಿನಲ್ಲಿ ಅವಳನ್ನು ಕ್ರೇನಮ್ಮ ಎಂದು ಕರೆಯಲು ಶುರುಮಾಡಿ, ಆ ಹೆಸರು ಸಭೆಯವರೆಗೂ ಬಂದಿತ್ತು. ಕರ್ತನು ಬಂದಾಗ ನಿನಗೆ ಅರ್ಧ ದಾರಿ ಉಳಿಯುತ್ತೆ ಬಿಡು ಎಂದು ಹೆಂಗಸರು ತಮಾಷೆ ಮಾಡುತ್ತಿದ್ದರು. ಗಂಡ ಹಡಗಿನ ಕೆಲಸಕ್ಕೆ ಹೋದವನು, ವರ್ಷಕ್ಕೊಮ್ಮೆ ಮುಖ ತೋರಿಸುವ ನೆಂಟ. ಹಾಗಾಗಿ ಅವಳು ಅಪ್ಪನ ಮನೆಯಲ್ಲೇ ಇದ್ದಳು. ಅವಳು ಕೆಲಸದಿಂದ ಬರುವವರೆಗೆ ಪುಟ್ಟಿ ತಾತನ ಸುಪರ್ದಿನಲ್ಲಿ.

ಅಪ್ಪ ಮೈಕಿನಲ್ಲಿ ಈಗ ಬಣ್ಣ ಕಟ್ಟಿ ಹೇಳುತ್ತಿದ್ದುದು ಮೊನ್ನೆ ಸಂಜೆ ನಡೆದದ್ದನ್ನು. ಪಕ್ಕದ ಮನೆಯ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಕೂಗಿಕೊಂಡಾಗ ಅಪ್ಪ ಬರಿಗಾಲಲ್ಲಿ ಓಡಿದ್ದರು. ಆಗಲೇ ಪುಟ್ಟಿ ಶಾಲೆಯಿಂದ ಬಂದಳು. ಬಾಗಿಲು ತೆರೆದಿತ್ತು, ಹೊಸ್ತಿಲ ಹೊರಗೆ ತಾತನ ಚಪ್ಪಲಿ ಇತ್ತು. ಫ್ಯಾನು ತಿರುಗುತ್ತಿತ್ತು. ತೆರೆದ ಬೈಬಲಿನ ಮೇಲೆ ಕನ್ನಡಕ, ಪಕ್ಕದಲ್ಲಿ ಅರ್ಧ ಕುಡಿದ ಚಹಾ. ಬೇರೆ ಮಕ್ಕಳಾಗಿದ್ದರೆ ತಾತ ಎಲ್ಲೋ ಹೋಗಿದ್ದಾರೆ ಎಂದುಕೊಂಡು ಡಬ್ಬಿಯಲ್ಲಿ ತಿಂಡಿ ಹುಡುಕುತ್ತಿದ್ದರು. ಆದರೆ ಚಪ್ಪಲಿ, ಕನ್ನಡಕ ಬಿಟ್ಟು ಮನುಷ್ಯರು ಮಾತ್ರ ಮಾಯವಾಗುವ ದಿನದ ಕಥೆಯನ್ನು ಊಟದಷ್ಟೇ ನಿಯಮದಿಂದ ಕೇಳಿ ಬೆಳೆದ ಮಗು ಅದು. ತಾತನನ್ನು ಎತ್ತಿಕೊಂಡಾಯಿತು, ತನ್ನನ್ನು ಬಿಟ್ಟಾಯಿತು ಎಂದು ಅವಳಿಗೆ ಖಾತ್ರಿಯಾಯಿತು.

ಕ್ರೇನಮ್ಮ ಬಸ್ಸಿಳಿದು ಬೀದಿಯ ತಿರುವಿಗೆ ಬಂದವಳು ಅಭ್ಯಾಸಬಲದಿಂದ ತಲೆಯೆತ್ತಿ ನೋಡಿದಾಗ, ಮನೆಯ ತಾರಸಿಯ ಮೇಲಿನ ನೀರಿನ ಟ್ಯಾಂಕಿನ ತುತ್ತತುದಿಯಲ್ಲಿ ಮಗು ನಿಂತಿತ್ತು. ಸುತ್ತ ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಪುಟ್ಟಿ ಬಲಗೈ ಮೇಲೆತ್ತಿ, ತೋರುಬೆರಳನ್ನು ಆಕಾಶಕ್ಕೆ ಚಾಚಿ, ಅದನ್ನು ಗುಂಡಗೆ ತಿರುಗಿಸುತ್ತಿದ್ದಳು. ಅದು ಸೈಟಿನಲ್ಲಿ ಸಿಗ್ನಲ್‌ಮನ್ ಕೆಳಗಿನಿಂದ ಕ್ರೇನಿನವರಿಗೆ ತೋರಿಸುವ ಸನ್ನೆ: ಮೇಲೆತ್ತು. ಭಾನುವಾರಗಳಲ್ಲಿ ಆಟವಾಡಿಸುತ್ತ ಅವಳೇ ಮಗಳಿಗೆ ಕಲಿಸಿದ್ದು. ಮೇಲಿರುವವನ ಕಣ್ಣಿಗೆ ಬೀಳಲಿ ಎಂದು ಮಗು ಸಿಕ್ಕಷ್ಟು ಎತ್ತರಕ್ಕೆ ಹತ್ತಿ, ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಕೇಳುತ್ತಿತ್ತು.

ಕ್ರೇನಮ್ಮ ಕೂಗಲಿಲ್ಲ. ಎತ್ತರದಲ್ಲಿರುವವರನ್ನು ಬೆಚ್ಚಿಸಬಾರದು. ತಾರಸಿಗೆ ಹೋಗಿ ಟ್ಯಾಂಕಿನ ಏಣಿ ಹತ್ತಿ, ಮಗುವನ್ನು ಏಣಿಯ ಕಡೆಗೆ ಮುಖ ಮಾಡಿಸಿ, ಅವಳ ಬೆನ್ನಿಗೆ ತನ್ನ ಎದೆ ಒತ್ತಿ, ಎರಡೂ ಕೈಗಳ ನಡುವೆ ಅವಳನ್ನು ಇಟ್ಟುಕೊಂಡು ಒಂದೊಂದೇ ಮೆಟ್ಟಿಲು ಇಳಿಸಿದಳು. ಕೆಳಗೆ ಕಾಲೂರಿದ ಮೇಲೆ ಪುಟ್ಟಿ ತಿರುಗಿ ನೋಡಿ, ಸಮಾಧಾನವಾದವಳಂತೆ ಕೇಳಿದಳು:

"ಅಮ್ಮ, ನೀನೂ ಉಳ್ಕೊಂಡ್ಯಾ?"

ಕ್ರೇನಮ್ಮನಿಗೆ ಆ ಮಾತು ಮರೆಯಲಾಗಿರಲಿಲ್ಲ. ಅವಳಿಗೇನು ಇದು ಹೊಸದಲ್ಲ. ಅದೇ ವಯಸ್ಸಿನಲ್ಲಿ, ಅದೇ ಮನೆಯಲ್ಲಿ, ಹೇಳದೆ ಅಂಗಡಿಗೆ ಹೋದ ತನ್ನ ಅಮ್ಮ ಒಂದು ಮಧ್ಯಾಹ್ನ ಮನೆಯಲ್ಲಿ ಕಾಣಿಸದಿದ್ದಾಗ ಅವಳು ಬಟ್ಟೆಯ ಬೀರುವಿನೊಳಗೆ ಕೂತು ಚಡ್ಡಿ ಒದ್ದೆ ಮಾಡಿಕೊಂಡಿದ್ದಳು. ಅಪ್ಪ ಅದನ್ನು ವರ್ಷಗಟ್ಟಲೆ ಸಭೆಯಲ್ಲಿ ನಂಬಿಕೆಯ ಸಾಕ್ಷಿಯೆಂದು ಹೇಳಿದ್ದರು. ಜನ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆ ನಗುವನ್ನು ನೆನೆದರೆ ಈಗ ಮೈಯೆಲ್ಲ ಉರಿಯುತ್ತಿತ್ತು.

"ಆರು ವರ್ಷದ ಕೂಸು, ಕರ್ತನನ್ನ ಎದುರುಗೊಳ್ಳೋಕೆ ತಾರಸಿ ಹತ್ತಿತು," ಎಂದು ಅಪ್ಪ ವೇದಿಕೆಯಿಂದ ಹೇಳುತ್ತಿದ್ದರು. ಟ್ಯಾಂಕಿನ ಸುದ್ದಿಯನ್ನು ನುಂಗಿಬಿಟ್ಟಿದ್ದರು. ಅವರ ಕಡೆಯವರು ಆಮೆನ್ ಎಂದರು. ಯಾರೋ ಹಿಂದೆ ತಿರುಗಿ ಪುಟ್ಟಿಯನ್ನು ನೋಡಿ ಕಣ್ಣು ತುಂಬಿಕೊಂಡರು.

ಪಾಸ್ಟರು ಎದ್ದರು. ಈ ಮನುಷ್ಯನಾದರೂ ಮಗುವನ್ನು ಬಿಡಿ, ವಾದ ಮಾಡೋಣ ಎನ್ನುತ್ತಾನೆಂದು ಅವಳು ಒಂದು ಗಳಿಗೆ ಆಸೆಪಟ್ಟಳು. ಅವರೂ ಮಗುವನ್ನೇ ಹಿಡಿದುಕೊಂಡರು. ಹಿರಿಯರು ಆ ಕೂಸಿಗೆ ತಪ್ಪಿಸಿಕೊಂಡು ಹೋಗುವುದನ್ನು ಕಲಿಸಿದ್ದಾರೆ, ಕಲಿಸಬೇಕಾಗಿದ್ದು ತಡೆದುಕೊಳ್ಳುವುದನ್ನು ಎಂದರು. ಸಂಕಟದ ದಿನಗಳಲ್ಲಿ ಈ ಮಗು ಹಸಿವನ್ನು ನೋಡುತ್ತದೆ, ಸೆರೆಮನೆಯನ್ನು ನೋಡುತ್ತದೆ, ತನ್ನವರ ತಲೆಯ ಮೇಲೆ ಕತ್ತಿಯನ್ನು ನೋಡುತ್ತದೆ, ಅದಕ್ಕೆ ಅವಳನ್ನು ಇವತ್ತಿನಿಂದಲೇ ತಯಾರು ಮಾಡಬೇಕು ಎಂದು ಕೈಚಾಚಿ ಪುಟ್ಟಿಯನ್ನೇ ತೋರಿಸಿದರು. ಈಗ ಆಮೆನ್ ಇನ್ನೊಂದು ಕಡೆಯಿಂದ ಬಂತು.

"ಅಮ್ಮ, ಸೆರೆಮನೇಲಿ ಚಿಕ್ಕೋರ್ನೂ ಹಾಕ್ತಾರಾ?" ಎಂದು ಪುಟ್ಟಿ ಪಿಸುಗುಟ್ಟಿದಳು.

ಅಪ್ಪ ಆಗಲೇ ಪಾಸ್ಟರಿಗೆ ಉತ್ತರ ಕೊಡಲು ಶುರುಮಾಡಿದ್ದರು. ಕ್ರೇನಮ್ಮ ಎದ್ದು ನಿಂತಳು. ತೋಳನ್ನು ಪಕ್ಕಕ್ಕೆ ನೇರ ಚಾಚಿ, ಅಂಗೈಯನ್ನು ನೆಲದ ಕಡೆ ಮಾಡಿ, ಹಿಂದಕ್ಕೂ ಮುಂದಕ್ಕೂ ಬೀಸಿದಳು. ನಿಲ್ಲಿಸು ಎಂಬ ಸನ್ನೆ. ಬೇರೆ ಸನ್ನೆಗಳನ್ನು ಸಿಗ್ನಲ್‌ಮನ್ ಮಾತ್ರ ಕೊಡಬೇಕು, ಇದೊಂದನ್ನು ಮಾತ್ರ ಸೈಟಿನಲ್ಲಿ ಯಾರು ಬೇಕಾದರೂ ಕೊಡಬಹುದು, ಕೊಟ್ಟವರು ಗುಡಿಸುವವರಾದರೂ ಸರಿ, ನಿಲ್ಲಿಸಲೇಬೇಕು. ಆ ಹಾಲಿನಲ್ಲಿ ಅದು ಅರ್ಥವಾಗುವುದು ಒಬ್ಬರಿಗೇ.

ಅಪ್ಪನ ಮಾತು ಅರ್ಧಕ್ಕೆ ನಿಂತಿತು. ಇಷ್ಟು ವರ್ಷದ ರೂಢಿ, ನಾಲಿಗೆಗಿಂತ ಮೊದಲು ಮೈ ಕೇಳಿತು. ಎಲ್ಲರೂ ತಿರುಗಿ ನೋಡಿದರು. ಆಮೇಲೆ ಅವರು ಕಣ್ಣನ್ನು ಅವಳಿಂದ ತೆಗೆದು, ಬಿಟ್ಟಲ್ಲಿಂದ ಮತ್ತೆ ಶುರುಮಾಡಿದರು.

ಕೆಲಸದಲ್ಲಿ ಒಮ್ಮೆಯೂ ಆ ಸನ್ನೆಯನ್ನು ಮೀರದ ಮನುಷ್ಯ. ಮೀರಿದ ಒಬ್ಬನನ್ನು ಸೈಟಿನಿಂದ ಕತ್ತು ಹಿಡಿದು ಹೊರಗೆ ದಬ್ಬಿದ ಮನುಷ್ಯ. ಕ್ರೇನಮ್ಮನ ಸಿಟ್ಟು ನೆತ್ತಿಗೇರಿತು.

"ಅಪ್ಪ, ನಿಲ್ಲಿಸಿ," ಎಂದಳು. ಮೈಕು ಬೇಕಾಗಲಿಲ್ಲ. "ನಿಮ್ಮಿಬ್ಬರ ಜಗಳ ನಂಗೆ ಅರ್ಥ ಆಗಲ್ಲ, ಆಗೋದೂ ಬೇಡ. ಅವನು ಮುಂಚೆ ಬರ್ಲಿ, ಆಮೇಲೆ ಬರ್ಲಿ. ನನ್ನ ಮಗಳು ಕಟ್ಟೆಯಿಲ್ಲದ ಟ್ಯಾಂಕಿನ ಮೇಲೆ ಹತ್ತಿ ನಿಂತಿದ್ಲು. ಕಾಲು ಜಾರಿದ್ರೆ ಇವತ್ತು ಇದೇ ಹಾಲ್‌ನಲ್ಲಿ ಅವಳ ಪೆಟ್ಟಿಗೆ ಇಟ್ಕೊಂಡು ಅಳ್ತಿದ್ರಿ. ಅವಳು ಇಲ್ಲೇ ಕೂತಿದಾಳೆ, ಎಲ್ಲಾ ಕೇಳಿಸ್ಕೋತಿದಾಳೆ. ನಿನ್ನನ್ನ ಯಾರೂ ಬಿಟ್ಟು ಹೋಗಲ್ಲ ಅಂತ ಅವಳ ಮುಖ ನೋಡಿ ಹೇಳಿ. ಇಬ್ಬರಲ್ಲಿ ಯಾರಾದ್ರೂ ಹೇಳಿ, ಸಾಕು."

ಪಾಸ್ಟರು ಗಂಟಲು ಸರಿಮಾಡಿಕೊಂಡು, ದೇವರ ವಾಕ್ಯದ ಪ್ರಕಾರ ನೋಡುವುದಾದರೆ ಮಕ್ಕಳ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ ಎಂದು ಶುರುಮಾಡಿದರು. ಅಪ್ಪ ನೀರಿನ ಜಗ್ಗಿಗೆ ಕೈಹಾಕಿದರು. ಕ್ರೇನಮ್ಮ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು, ಅಡ್ಡ ಬಂದ ಮೊಣಕಾಲುಗಳನ್ನು ಲೆಕ್ಕಿಸದೆ ಹೊರಗೆ ನಡೆದಳು.

ಅಪ್ಪ ಮನೆಗೆ ಬರುವಷ್ಟರಲ್ಲಿ ಅವಳು ಬಟ್ಟೆ ತುಂಬಿಸಿ ಮುಗಿಸಿದ್ದಳು. ಸೈಟಿನ ಪಕ್ಕದಲ್ಲಿ ಕೆಲಸದವರಿಗೆಂದು ಕಟ್ಟಿದ ಕೋಣೆಗಳಲ್ಲಿ ಒಂದು ಖಾಲಿ ಇತ್ತು. ಅಲ್ಲೇ ಅವರ ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಆಯಾ ಇದ್ದಳು. ಅಪ್ಪ ಬಾಗಿಲಲ್ಲೇ ನಿಂತರು, ಚಪ್ಪಲಿ ಬಿಚ್ಚಲಿಲ್ಲ.

"ಮಗಳೇ, ನಾನು ಸುಳ್ಳು ಹೇಳ್ಬೇಕಾ? ಅವನು ಯಾರನ್ನ ಎತ್ಕೋತಾನೆ ಅಂತ ಹೇಳೋಕೆ ನಾನ್ಯಾರು?"

"ಯಾರನ್ನ ಬಿಟ್ಹೋಗ್ತಾನೆ ಅಂತ ಮಾತ್ರ ಇಷ್ಟು ವರ್ಷ ಹೇಳ್ಕೊಂಡು ಬಂದ್ರಲ್ಲ."

ಪುಟ್ಟಿ ತಾತನ ಹತ್ತಿರ ಹೋಗಿ ಅವರ ಬೆರಳು ಹಿಡಿದು, ಮೇಲಕ್ಕೆ ಹೋಗುವಾಗ ನನ್ನ ಕೈ ಹಿಡ್ಕೊಂಡಿರ್ತೀರಾ ತಾತ ಎಂದು ಕೇಳಿದಳು. ಅಪ್ಪ ಆ ಪುಟ್ಟ ಕೈಯನ್ನು ನೋಡುತ್ತ ನಿಂತರು. ಹೂಂ ಎನ್ನಲು ಎಷ್ಟು ಹೊತ್ತು ಬೇಕು? ಕ್ರೇನಮ್ಮ ಹಲ್ಲು ಕಚ್ಚಿಕೊಂಡು ಕಾದಳು. ನಾನು ಪ್ರಾರ್ಥನೆ ಮಾಡ್ತೀನಿ ಮಗು ಎಂದರು ಅವರು. ಅವಳು ಚೀಲವನ್ನು ಹೆಗಲಿಗೆ ಹಾಕಿ, ಮಗಳ ಕೈಯನ್ನು ಅವರ ಬೆರಳಿನಿಂದ ಬಿಡಿಸಿಕೊಂಡು ಹೊರಟಳು.

ಮರುದಿನ ಬೆಳಿಗ್ಗೆ ಆಯಾಳ ಕೈಗೆ ಮಗಳನ್ನು ಒಪ್ಪಿಸಿ, ಕ್ರೇನಿನ ಒಳಗಿನ ಏಣಿ ಹತ್ತಿ ಕ್ಯಾಬಿನ್ನಿನಲ್ಲಿ ಕೂತಾಗಲೂ ಅವಳ ಸಿಟ್ಟು ಆರಿರಲಿಲ್ಲ. ಕಬ್ಬಿಣದ ಕಂಬಿಗಳ ಕಂತೆಯನ್ನು ಎತ್ತುವಾಗ ಕೈ ಒರಟಾಗಿ ಓಡಿ, ಕಂತೆ ಜೋಲಿ ಹೊಡೆಯಿತು. ಇವತ್ತು ಯಾರ ಮೇಲೆ ಕೋಪ ಅಮ್ಮಾ ಎಂದು ಸಿಗ್ನಲ್‌ಮನ್ ವಾಕಿಟಾಕಿಯಲ್ಲಿ ಕೇಳಿದ. ಅವಳು ಕಂತೆಯನ್ನು ಮೇಲಿನ ಅಂತಸ್ತಿನಲ್ಲಿ ಇಳಿಸಿ, ಖಾಲಿ ಕೊಕ್ಕೆಯನ್ನು ಅಂಗಳದ ಮೇಲಕ್ಕೆ ತಂದು ನಿಲ್ಲಿಸಿದಳು.

ಆಗ ಬೇಲಿಯ ಆಚೆ ಪುಟ್ಟಿ ಕಂಡಳು. ಆಯಾ ಬೇರೆ ಮಕ್ಕಳ ತಲೆ ಬಾಚುತ್ತಿದ್ದಳು. ಪುಟ್ಟಿ ಒಬ್ಬಳೇ ತಂತಿಗೆ ಒರಗಿ, ಕೈ ಮೇಲೆತ್ತಿ, ಬೆರಳನ್ನು ಗುಂಡಗೆ ತಿರುಗಿಸುತ್ತಿದ್ದಳು. ಮಗು ನೋಡುತ್ತಿರುವುದು ತನ್ನನ್ನೋ, ತನ್ನ ತಲೆಯ ಮೇಲಿನ ಆಕಾಶವನ್ನೋ ಅಷ್ಟು ಎತ್ತರದಿಂದ ತಿಳಿಯಲಿಲ್ಲ.

ಬೀದಿಯ ಕಡೆಯಿಂದ ಒಬ್ಬರು ಮುದುಕರು ಬಂದು ಮಗುವಿನ ಪಕ್ಕದಲ್ಲಿ ನಿಂತರು. ಅಪ್ಪನ ಆ ನಡಿಗೆಯನ್ನು ಅವಳು ಎಲ್ಲಿಂದಲಾದರೂ ಗುರುತಿಸಬಲ್ಲಳು. ಕೈಯಲ್ಲಿ ಪುಟ್ಟಿ ಮರೆತು ಬಂದಿದ್ದ ಕೆಂಪು ನೀರಿನ ಬಾಟಲಿ ಇತ್ತು. ಅವರು ಮಗುವನ್ನು ನೋಡಿದರು, ಅದರ ಬೆರಳನ್ನು ನೋಡಿದರು, ಬೆರಳು ತೋರಿಸುತ್ತಿದ್ದ ಕಡೆ ತಲೆಯೆತ್ತಿ ಬಹಳ ಹೊತ್ತು ನೋಡಿದರು. ಬಾಟಲಿಯನ್ನು ನೆಲದ ಮೇಲಿಟ್ಟರು. ಮೊಣಕಾಲೂರಿ ಕೂತು, ಮಗುವಿನ ಮಣಿಕಟ್ಟನ್ನು ಹಿಡಿದು, ತೋಳನ್ನು ನಿಧಾನವಾಗಿ ಕೆಳಕ್ಕೆ ತಂದು, ಬೆರಳು ನೆಲವನ್ನು ತೋರಿಸುವಂತೆ ಮಾಡಿ, ತಾವೇ ಅದನ್ನು ಗುಂಡಗೆ ತಿರುಗಿಸತೊಡಗಿದರು. ಅದು ಕೆಳಗಿಳಿಸು ಎಂಬ ಸನ್ನೆ.

ಸಿಗ್ನಲ್‌ಮನ್ ಇನ್ನೊಂದು ಕಡೆ ತಿರುಗಿ ಸಿಮೆಂಟಿನ ಲಾರಿಯವನ ಜೊತೆ ಜಗಳವಾಡುತ್ತಿದ್ದ. ಅಂಗಳದಲ್ಲಿ ಯಾರೂ ಇರಲಿಲ್ಲ. ಕ್ರೇನಮ್ಮ ಹಿಡಿಯನ್ನು ಮುಂದಕ್ಕೆ ತಳ್ಳಿದಳು. ಖಾಲಿ ಕೊಕ್ಕೆ ಒಂದೊಂದೇ ಅಂತಸ್ತನ್ನು ದಾಟುತ್ತ ಇಳಿಯಿತು. ಬೇಲಿಯಾಚೆ ತಾತ, ಮೊಮ್ಮಗಳ ಎರಡು ಕೈಗಳೂ ಒಟ್ಟಿಗೆ ತಿರುಗುತ್ತಲೇ ಇದ್ದವು, ಕೊಕ್ಕೆ ಮಣ್ಣನ್ನು ಮುಟ್ಟಿ, ಹಗ್ಗ ಸಡಿಲವಾಗುವವರೆಗೂ.