ಹರಿದುಹೋದ ಹದಿನಾರು ಪುಟ

2009ರ ಶ್ರಾವಣದಲ್ಲಿ ಕೌಸರ ಒಂದೇ ವಾರದಲ್ಲಿ ಎರಡು ಬ್ಲೌಸುಗಳ ತೋಳನ್ನು ಉಲ್ಟಾ ಹೊಲಿದಳು. ಅಥಣಿಯಲ್ಲಿ ಹನ್ನೆರಡು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅವಳಿಗೆ ಹಿಂದೆಂದೂ ಹಾಗೆ ಕೈ ತಪ್ಪಿರಲಿಲ್ಲ. ಕಾರಣ ಒಂದು ಕಾದಂಬರಿ.

ಊರಿನ ಗ್ರಂಥಾಲಯದ ಪ್ರೇಮಕಥೆಗಳಲ್ಲಾಗಲಿ, ರಾಜರ ಕಾಲದ ಕಥೆಗಳಲ್ಲಾಗಲಿ ಅವಳು ಓದದೆ ಬಿಟ್ಟದ್ದಿರಲಿಲ್ಲ. ಒಲೆಯ ಮೇಲೆ ಅನ್ನವಿಟ್ಟು ಓದುವಳು, ಹುಕ್ಕು ಹಚ್ಚುತ್ತ ಹಚ್ಚುತ್ತ ಓದುವಳು. ಪ್ರೀತಿಯೂ ಕೋಟೆ ಕುದುರೆಯೂ ಒಟ್ಟಿಗೆ ಸಿಕ್ಕರಂತೂ ಅವಳಿಗೆ ಹಬ್ಬ. ಈ ಸಲ ಸಿಕ್ಕಿದ್ದು ಅಂಥದ್ದೇ, ಮೂರು ಭಾಗದ್ದು. ವಿಜಾಪುರದ ಬಾದಶಹರ ಕಾಲ; ವೈದ್ಯನ ಮಗಳು ಚಂಪಾ, ಕುದುರೆ ಸವಾರ ನಾಗೋಜಿ. ಎರಡನೆಯ ಭಾಗದ ಕೊನೆಯ ಪುಟದಲ್ಲಿ ನಾಗೋಜಿ ಕೋಟೆಯ ನೆಲಮಾಳಿಗೆಯಲ್ಲಿ ಬೇಡಿ ತೊಟ್ಟು ಕೂತಿದ್ದಾನೆ. ಪಹರೆಯವನ ವೇಷದಲ್ಲಿ ಬಂದ ಚಂಪಾ ಬೀಗಕ್ಕೆ ಕೈ ಹಾಕಿದ್ದಾಳೆ. ಬೆನ್ನ ಹಿಂದೆ ಹೆಜ್ಜೆ ಸಪ್ಪಳ. ಅಲ್ಲಿಗೆ ಪುಸ್ತಕ ಮುಗಿದಿತ್ತು.

ಮೂರನೆಯ ಭಾಗ ಕಪಾಟಿನಲ್ಲಿರಲಿಲ್ಲ.

"ಒಯ್ದಾರವಾ," ಎಂದ ಗ್ರಂಥಪಾಲಕ ಗುರಪ್ಪ. "ಇಂದ ನಾಳೆ ತರ್ತಾರ."

"ಯಾವಾಗ ಒಯ್ದಾರ್ರಿ?"

ಗುರಪ್ಪ ರಜಿಸ್ಟರು ತಿರುವಿ ಹಾಕಿದ. "ಹೋದ ವರ್ಷದ ಯುಗಾದಿಗೆ."

ಅವಳು ಒಂಬತ್ತು ಸಲ ಹೋಗಿ ಕೇಳಿದಳು. ಒಂಬತ್ತು ಸಲವೂ ಅದೇ ಇಂದ, ನಾಳೆ. ಕೊನೆಗೆ ಅವನು ಬೇರೆಲ್ಲೋ ನೋಡುತ್ತಿದ್ದಾಗ ರಜಿಸ್ಟರನ್ನು ತಾನೇ ಎಳೆದುಕೊಂಡು ಹೆಸರು ಓದಿದಳು: ಗಂಗೂಬಾಯಿ, ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಮಂಗಸೂಳಿ.

ಗಂಡ ಜಾಕೀರ ದ್ರಾಕ್ಷಿ ಹೇರುವ ಟೆಂಪೊ ಓಡಿಸುತ್ತಿದ್ದ. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಸತ್ತು ನಾಲ್ಕನೂರು ವರ್ಷ ಆದವರ ಸಲುವಾಗಿ ಮಂಗಸೂಳಿ ತನಕಾ ಹೊಂಟೀಯೇನ?"

"ಸತ್ತಾರೋ ಇಲ್ಲೋ ಅದ ಗೊತ್ತಾಗವಲ್ದು!" ಎಂದು ಕೌಸರ ಸಿಡುಕಿದಳು. ಮರುದಿನ ಬೆಳಗಿನ ಬಸ್ಸಿಗೇ ಹೊರಟಳು.

ಗಂಗೂಬಾಯಿ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಎತ್ತರದ, ಗಟ್ಟಿ ದನಿಯ ಹೆಂಗಸು. ಪುಸ್ತಕದ ಹೆಸರೆತ್ತಿದ್ದೇ ಮುಖ ಸಣ್ಣದಾಯಿತು. ಒಳಗೆ ಹೋಗಿ ಟ್ರಂಕಿನಿಂದ ತಂದು ಕೊಟ್ಟಳು. ಕೌಸರ ನಿಂತಲ್ಲೇ ಕೊನೆಗೆ ತಿರುವಿದಳು. ಕೊನೆಯ ಹದಿನಾರು ಪುಟ ಇರಲಿಲ್ಲ. ಹೊಲಿಗೆಯ ಹತ್ತಿರ ಹರಿದ ಕಾಗದದ ಅಂಚು ಮಾತ್ರ ಉಳಿದಿತ್ತು.

"ಇದೇನ್ರಿ ಅಕ್ಕಾರ? ಯಾರ ಹರದ್ರು?"

"ನಾನ ಹರದೆ. ಒಲಿಗೆ ಹಾಕಿದೆ," ಎಂದಳು ಗಂಗೂಬಾಯಿ. "ಮತ್ತ ಹರದ ಪುಸ್ತಕ ಹ್ಯಾಂಗ ತಿರುಗಿ ಕೊಡೋದಂತ ಅಂಜಿ ಮನ್ಯಾಗ ಇಟಗೊಂಡೆ."

"ಯಾಕ್ರಿ?"

"ಆ ಬರಿಯಾಂವ ಹಂಗ ಬರದಿದ್ದ. ನನಗ ತಡಕೋಳಾಕ ಆಗಲಿಲ್ಲ."

"ಏನಾತ ಹೇಳ್ರಿ. ಬೀಗ ತೆಗದ್ಲೋ ಇಲ್ಲೋ?"

"ಬೀಗ ತೆಗದ್ಲು. ಇಬ್ಬರೂ ಕೃಷ್ಣಾ ದಾಟಿದ್ರು. ಮದಿವಿ ಆದ್ರು, ಎರಡ ಹೆಣ್ಣ ಹುಟ್ಟಿದ್ವು. ಚಂಪಾ ಅಪ್ಪನ ವಿದ್ಯಾ ಕಲ್ತು ಊರಿಗೆಲ್ಲಾ ಔಷಧ ಕೊಟ್ಲು."

"ಇದು ಪುಸ್ತಕದಾಗ ಐತೇನ್ರಿ?"

ಗಂಗೂಬಾಯಿ ಶೇಂಗಾ ಸುಲಿಯುತ್ತಲೇ ಇದ್ದಳು. "ಇರಬೇಕಾಗಿತ್ತು."

ಕೌಸರಳ ಕಣ್ಣಲ್ಲಿ ನೀರೇ ಬಂತು, ಸಿಟ್ಟಿಗೆ. ಖರೇ ಹೇಳ್ರಿ ಎಂದು ಗೋಗರೆದಳು. ಊರ ಪುಸ್ತಕ ಹರಿಯಲು ನೀವ್ಯಾರು ಎಂದು ಜಗಳವಾಡಿದಳು. ಗಂಗೂಬಾಯಿ ಚಹಾ ಕೊಟ್ಟಳು, ಸೆರಗಿಗೆ ಶೇಂಗಾ ಸುರಿದಳು. ಆದರೆ ಆ ಹದಿನಾರು ಪುಟದ ಒಂದು ಮಾತನ್ನೂ ಬಾಯಿ ಬಿಡಲಿಲ್ಲ.

ಹರಿದ ಪುಸ್ತಕವನ್ನೇ ತಂದು ಓದಿ, ಕೌಸರ ಪ್ರಕಾಶಕರಿಗೆ ಎರಡು ಪತ್ರ ಬರೆದಳು. ಎರಡೂ ತಿರುಗಿ ಬಂದವು. ಆ ವಿಳಾಸದಲ್ಲಿ ಯಾರೂ ಇರಲಿಲ್ಲ. ರಾಯಬಾಗ, ಚಿಕ್ಕೋಡಿ ಕಡೆ ಯಾರೇ ಹೊರಟರೂ ಅಲ್ಲಿನ ಗ್ರಂಥಾಲಯದಲ್ಲಿ ವಿಚಾರಿಸಲು ಹೇಳಿ ಕಳಿಸಿದಳು. ಹೋದವರು ಮರೆತು ಬಂದರು. ಮರುವರ್ಷ ತಂಗಿಯ ಮದುವೆಯ ಬಟ್ಟೆಗೆಂದು ನಿಪ್ಪಾಣಿಗೆ ಹೋದಾಗ, ರದ್ದಿ ಅಂಗಡಿಯೊಂದರ ಮುಂದೆ ಸುತಳಿ ಬಿಗಿದ ಹಳೆ ಪುಸ್ತಕಗಳ ಕಟ್ಟಿನಲ್ಲಿ ಅದೇ ರಟ್ಟು ಕಂಡಿತು. ಮೂರನೆಯ ಭಾಗ. ಪುಟಗಳೆಲ್ಲ ಇದ್ದವು.

ಚಿಕ್ಕೋಡಿ ದಾಟುವಷ್ಟರಲ್ಲಿ ಆ ಹದಿನಾರು ಪುಟವನ್ನು ಬಸ್ಸಿನಲ್ಲೇ ಓದಿ ಮುಗಿಸಿದಳು. ಬೀಗ ತೆರೆದದ್ದು, ನಾಗೋಜಿ ಪಾರಾದದ್ದು ಹರಿದ ಪುಸ್ತಕದಲ್ಲೇ ಇತ್ತು. ಈ ಪುಟಗಳಲ್ಲಿ ಚಂಪಾ ನದಿಯ ನೀರಲ್ಲಿ ನೆನೆದು, ಜ್ವರ ಬಂದು ಸತ್ತಳು. ಸಾವಿರದ ನೂರು ಪುಟ ಕಥೆಯನ್ನು ಹೊತ್ತು ತಂದ ಹೆಣ್ಣಿಗೆ ಬರೆದವನು ಕೊಟ್ಟದ್ದು ಒಂದೂವರೆ ಸಾಲು. ಆಮೇಲೆ ನಾಗೋಜಿಗೆ ದೇಸಾಯಿಯ ಮಗಳೊಂದಿಗೆ ಮದುವೆ. ಆ ಮದುವೆಯ ಊಟಕ್ಕೇ ನಾಲ್ಕು ಪುಟ, ಹೋಳಿಗೆ, ತುಪ್ಪ, ಐದು ನಮೂನೆಯ ಕೋಸಂಬರಿ.

"ಹೋಳಿಗಿ ಅಂತ ಹೋಳಿಗಿ!" ಎಂದು ಕೌಸರ ಗಟ್ಟಿಯಾಗಿಯೇ ಅಂದುಬಿಟ್ಟಳು. ಪಕ್ಕದ ಸೀಟಿನ ಮುದುಕ ಗಾಬರಿಯಿಂದ ತನ್ನ ಬುತ್ತಿಯನ್ನು ಹತ್ತಿರಕ್ಕೆ ಸರಿಸಿಕೊಂಡ.

ಮುಂದಿನ ವಾರ ಮತ್ತೆ ಮಂಗಸೂಳಿಗೆ ಹೋದಳು.

"ಓದಿದಿ?" ಎಂದಳು ಗಂಗೂಬಾಯಿ, ಅವಳ ಮುಖ ನೋಡಿಯೇ. "ಈಗ ಹೇಳು, ಹರದದ್ದು ತಪ್ಪೇನ?"

"ತಪ್ಪರಿ. ನನ್ನ ಸಿಟ್ಟ ನಾನ ಮಾಡಬೇಕಾಗಿತ್ತು. ನೀವು ನನ್ನ ಪಾಲಿಂದೂ ಮಾಡಿ ಕುಂತ್ರಿ."

"ಮಾಡಿ ಏನ ಸಿಕ್ತು?"

"ಏನೂ ಇಲ್ರಿ. ಉರದ ಹೋಗೇತಿ ಮೈ."

ಇಬ್ಬರೂ ಕೂತು ಆ ಬರೆದವನನ್ನು ಸಂಜೆಯ ಬಸ್ಸು ಬರುವವರೆಗೆ ಬೈದರು. ಹೊರಡುವಾಗ ಗಂಗೂಬಾಯಿ ಕೇಳಿದಳು: "ಇದನೂ ಲೈಬ್ರರಿಗೆ ಕೊಡ್ತೀಯೇನ? ಇನ್ನೊಬ್ಬಾಕಿ ಓದಿ ಹಿಂಗ ಉರಕೋಬೇಕೇನ?"

"ಉರಕೊಳ್ಳಲಿ ಬಿಡ್ರಿ. ಆಮ್ಯಾಲ ನಮ್ಮ ಕಡೆ ಬರಲಿ, ಕೂಡಿ ಬೈಯೋಣು."

ಗ್ರಂಥಾಲಯದಲ್ಲಿ ಗುರಪ್ಪ ಪುಸ್ತಕ ಮುಟ್ಟಲೇ ಇಲ್ಲ. "ರಜಿಸ್ಟರನ್ಯಾಗ ಮೂರನೇ ಭಾಗ ಹೊರಗೈತಿ. ಹೊರಗಿದ್ದದ್ದು ಬರೋತನಕಾ ಇದನ್ನ ಹ್ಯಾಂಗ ಒಳಗ ಬರಕೊಳ್ಳಲಿ?"

"ಅದು ಹರದೈತ್ರಿ. ಅದಕ್ಕ ಇದನ್ನ ತಂದೇನಿ."

"ಹರದದ್ದು ತರ್ರಿ ಹಂಗಾರ."

"ತಂದರ ತಗೋತೀರೇನ್ರಿ?"

"ಹರದದ್ದು ಹ್ಯಾಂಗ ತಗೊಳ್ಳಾಕ ಬರತೈತವಾ?"

ಕೌಸರ ಮೇಜನ್ನು ಸುತ್ತಿಕೊಂಡು ಒಳಗೆ ನಡೆದು, ಕಪಾಟಿನ ಬಾಗಿಲು ಎಳೆದು, ಎರಡನೆಯ ಭಾಗದ ಪಕ್ಕದಲ್ಲಿ ಪುಸ್ತಕವನ್ನು ಗುದ್ದಿ ಕೂರಿಸಿದಳು. "ಏ, ಏ," ಎನ್ನುತ್ತ ಗುರಪ್ಪ ಏಳುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿಕೊಂಡು ಆಗಿತ್ತು.