ಜರಡಿ ಲೋಟದಲ್ಲಿ ಮೂರು ನಿಮಿಷ

ಅಜ್ಜಿ ಹಾಕಿದ್ದ ಗಂಟು ಕಸ್ಟಮ್ಸ್ ಅಧಿಕಾರಿಯ ಉಗುರಿಗೆ ಬೇಗ ಬಗ್ಗಲಿಲ್ಲ. ಮಸ್ಕತ್ ವಿಮಾನ ನಿಲ್ದಾಣದ ಉದ್ದನೆಯ ಮೇಜಿನ ಮೇಲೆ ನನ್ನ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು. ತಲೆಗೆ ಕಪ್ಪು ವಸ್ತ್ರ ಸುತ್ತಿದ್ದ ಆ ಹೆಂಗಸು ತಾಳ್ಮೆಯಿಂದ ಹಳೆಯ ಸೀರೆತುಂಡನ್ನು ಬಿಚ್ಚಿ, ಒಳಗಿದ್ದ ಹಸಿರು ಪಿಂಗಾಣಿ ಮಗ್ಗನ್ನು ಹೊರತೆಗೆದಳು.

ಕಾಲೇಜಿನ ಗೆಳತಿಯರು ಬೀಳ್ಕೊಡುಗೆಗೆ ಕೊಟ್ಟದ್ದು ಅದು. ಮುಚ್ಚಳವಿದೆ, ಒಳಗೆ ತೂತುತೂತಿನ ಪಿಂಗಾಣಿ ಜರಡಿಯಿದೆ. ಚಹಾ ಸೊಪ್ಪು ಹಾಕಿ, ಬಿಸಿನೀರು ಸುರಿದು, ಮುಚ್ಚಿ ಮೂರು ನಿಮಿಷ ಬಿಡಬೇಕು. ಆಮೇಲೆ ಜರಡಿ ಎತ್ತಿ ಕುಡಿಯಬೇಕು. ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ್ದಳು. "ನಮ್ಮ ಟೀ ಪುಡಿ ಹಾಕಿದ್ರೆ ಎಲ್ಲಾ ತೂತಲ್ಲೇ ಇಳಿದುಹೋಗತ್ತೆ ಕಣೇ ಮಾನ್ಯಾ. ಈ ಜರಡಿ ಲೋಟ ಕಷಾಯಕ್ಕೇ ಸರಿ." ಹೆಣ್ಣುಮಗಳ ಕೈಗೆ ಖಾಲಿ ಪಾತ್ರೆ ಕೊಟ್ಟು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹೊರಡುವ ಬೆಳಿಗ್ಗೆ ಲೋಟದ ತುಂಬ ತರಿತರಿಯಾಗಿ ಕುಟ್ಟಿದ ಕಷಾಯದ ಪುಡಿ ತುಂಬಿ, ಮುಚ್ಚಳ ಒತ್ತಿ, ಸೀರೆ ಸುತ್ತಿ ಗಂಟು ಹಾಕಿದ್ದಳು.

ಅಧಿಕಾರಿ ಬಿಳಿ ಕಾಗದ ಹಾಸಿ ಪುಡಿಯನ್ನು ಅದರ ಮೇಲೆ ಸುರಿದಳು. ಧನಿಯ, ಜೀರಿಗೆ, ಒಣಶುಂಠಿಗಳ ವಾಸನೆ ಎದ್ದಿತು. ಮೂಗಿನಲ್ಲಿ ಮೈಸೂರು, ಕಣ್ಣೆದುರು ಸಮವಸ್ತ್ರ. ಅವಳು ಪೆನ್ನಿನ ತುದಿಯಿಂದ ಪುಡಿಯನ್ನು ಆಚೀಚೆ ಸರಿಸುತ್ತ ಹೋಗಿ ಒಂದು ಕಡೆ ನಿಂತಳು. ಸಾಸಿವೆಗಿಂತ ಸಣ್ಣ ಬೀಜಗಳು. ಪುಡಿ ಮೆತ್ತಿಕೊಂಡು ಎಲ್ಲವೂ ಕಂದು ಬಣ್ಣ.

"ಖಶ್ಖಾಶ್?" ಎಂದಳು.

ನನಗೆ ಅರ್ಥವಾಗಲಿಲ್ಲ. ಪಕ್ಕದ ಮೇಜಿನಲ್ಲಿ ತನ್ನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ ಸಾರಮ್ಮ ಮಾತ್ರ ಥಟ್ಟನೆ ತಿರುಗಿದರು. ವಿಮಾನದಲ್ಲಿ ನನ್ನ ಪಕ್ಕ ಕೂತಿದ್ದವರು, ಬಂಟ್ವಾಳದ ಕಡೆಯವರು. ಸುವೈಕ್‌ನಲ್ಲಿ ಗಂಡ ಯೂಸುಫ್ ಅವರದು ಪಾತ್ರೆ ಅಂಗಡಿ. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದು ಅವರಿಗೆ ಅರಬ್ಬಿ ಎಂದರೆ ನೀರು ಕುಡಿದ ಹಾಗೆ.

"ಗಸಗಸೆ ಉಂಟಾ ಅಂತ ಕೇಳ್ತಿದ್ದಾರೆ," ಸಾರಮ್ಮನ ದನಿ ಇಳಿದಿತ್ತು. "ಇಲ್ಲಿ ಅದು ಅಫೀಮಿನ ಲೆಕ್ಕ, ಗೊತ್ತುಂಟಾ? ನಮ್ಮೂರಿನವನೊಬ್ಬ ಒಂದು ಮುಷ್ಟಿ ಗಸಗಸೆಗೆ ಗಲ್ಫಿನಲ್ಲಿ ಒಳಗೆ ಕೂತಿದ್ದ. ಇಲ್ಲಾಂತ ಹೇಳು, ಬೇಗ."

ಹುಣ್ಣಿಮೆ ಹತ್ತಿರವಾದರೆ ನನಗೆ ನಿದ್ದೆ ಬರುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆ. ಅಂಥ ದಿನ ಅಜ್ಜಿ ಗಸಗಸೆ ಅರೆದು ಹಾಲಿಗೆ ಹಾಕಿ ಕೊಡುತ್ತಿದ್ದಳು. ಹೊರಡುವ ಮುಂಚೆ ಗಂಟು ಬಿಗಿಯುತ್ತ ಅವಳು ಹೇಳಿದ ಮಾತು ಈಗ ಕಿವಿಯಲ್ಲಿ ಸುತ್ತತೊಡಗಿತು: "ನಿದ್ದೆಗೆ ಏನ್ ಹಾಕ್ಬೇಕೋ ಅದನ್ನೂ ಹಾಕಿದೀನಿ."

"ಏನು ನೋಡ್ತೀ ಮಾರಾಯ್ತಿ? ಬಾಯಿ ಬಿಡು!"

"ನನಗೆ ಗೊತ್ತಿಲ್ಲ ಅಮ್ಮಾ. ಇದ್ರೂ ಇರಬಹುದು."

"ಯಾ ಅಲ್ಲಾ!" ಸಾರಮ್ಮ ಹಣೆ ಒತ್ತಿಕೊಂಡರು.

ಅಜ್ಜಿಯ ಕಥೆಯೊಂದರಲ್ಲಿ ಏಳು ಬಾಗಿಲ ಕೋಟೆಯಿದೆ. ಬಾಗಿಲಿಗೊಬ್ಬಳು ಕಾವಲಿನವಳು, ಒಬ್ಬೊಬ್ಬಳದೂ ಒಂದು ಪ್ರಶ್ನೆ. ಗೊತ್ತಿಲ್ಲದ್ದನ್ನು ಗೊತ್ತು ಎಂದವರು ನಿಂತಲ್ಲೇ ಕಲ್ಲಾಗುತ್ತಾರೆ. ಅಂಗಳದ ತುಂಬ ಕಲ್ಲುಗಳು. ಅವುಗಳಲ್ಲಿ ಎಷ್ಟೋ ಕಲ್ಲುಗಳ ಮುಖ ನನಗೆ ಪರಿಚಯ. ಕಥೆ ಕೇಳುತ್ತ ನಾನೇ ಬಿಡಿಸಿಕೊಂಡ ಮುಖಗಳು. ಹೊರಗೆ ಅಲ್ ಅಮೇರಾತ್‌ನಿಂದ ಬಂದ ಕಾಂತಾಮಣಿ ಚಿಕ್ಕಮ್ಮ ಕಾಯುತ್ತಿದ್ದಾಳೆ. ನಾಳಿದ್ದು ನಾನು ನರ್ಸರಿ ಟೀಚರ್ ಆಗಿ ಶಾಲೆಗೆ ಸೇರಬೇಕು. ನನ್ನ ಹೆಸರಿನ ಮುಂದೆ ಅಫೀಮು ಎಂದು ಬರೆದರೆ ಶಾಲೆಯ ಬಾಗಿಲೂ ಇಲ್ಲ, ಈ ದೇಶದ ಬಾಗಿಲೂ ಇಲ್ಲ. ಊರಿಗೆ ವಾಪಸ್ಸು ಹೋಗಲಾದರೂ ಬಿಡುತ್ತಾರೋ ಇಲ್ಲವೋ.

"ನನಗೆ ಗೊತ್ತಿಲ್ಲ, ಮೇಡಂ. ಅಜ್ಜಿ ಮಾಡಿದ್ದು," ಎಂದೆ, ಇಂಗ್ಲಿಷಿನಲ್ಲಿ.

ಅಧಿಕಾರಿಯ ಕಣ್ಣು ನನ್ನ ಮೇಲೆ ನಿಂತಿತು. ಎದುರಿಗಿದ್ದ ಪಾಸ್‌ಪೋರ್ಟನ್ನು ತೆಗೆದು ತನ್ನ ಕಡೆ ಇಟ್ಟುಕೊಂಡಳು. ಸಾರಮ್ಮನಿಗೆ ಅರಬ್ಬಿಯಲ್ಲಿ ಏನೋ ಹೇಳಿದಳು.

"ಲ್ಯಾಬಿಗೆ ಕಳಿಸ್ತಾರಂತೆ. ಅಲ್ಲೀವರೆಗೆ ನೀನು ಒಳಗಿನ ಕೋಣೆಯಲ್ಲಿ ಕೂರ್ಬೇಕು."

"ಎಷ್ಟು ಹೊತ್ತು?"

"ಹೊತ್ತಾ? ದಿನ ಅಂತ ಕೇಳು."

ಅಧಿಕಾರಿ ಖಾಲಿಯಾದ ಮಗ್ಗನ್ನು ಎತ್ತಿ ಜರಡಿಯನ್ನು ಬೆಳಕಿಗೆ ಹಿಡಿದಳು. ಏಕೆ ಈ ತೂತುಗಳು ಎಂದು ಬೆರಳಲ್ಲೇ ಕೇಳಿದಳು. ನಾನು ಹೇಳತೊಡಗಿದೆ: ಪುಡಿ ಹಾಕುವುದು, ಬಿಸಿನೀರು, ಮುಚ್ಚಳ, ಮೂರು ನಿಮಿಷ. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು. ನೀರು ಹಾಕಿದರೆ ಬೀಜಕ್ಕೆ ಮೆತ್ತಿದ ಪುಡಿ ಬಿಡುತ್ತದೆ. ಬೀಜ ಜರಡಿಯಲ್ಲಿ ಉಳಿಯುತ್ತದೆ. ಯಾವ ಬೀಜವೋ, ಕಾಣುತ್ತದೆ.

"ಇಲ್ಲೇ ಮಾಡಿ ತೋರಿಸಲಾ?"

ಸಾರಮ್ಮ ನನ್ನ ತೋಳು ಚಿವುಟಿದರು. "ತಲೆ ಸರಿ ಉಂಟಾ? ಗಸಗಸೆಯೇ ಆಗಿದ್ರೆ ನಿನ್ನ ಗುಂಡಿ ನೀನೇ ತೋಡಿದ ಹಾಗೆ!"

"ಆಗ್ಲಿ ಅಮ್ಮಾ. ನೀವು ಹೇಳಿ ಅವರಿಗೆ."

ಸಾರಮ್ಮ ಹೇಳಿದರೋ, ಬೇರೇನಾದರೂ ಹೇಳಿದರೋ ತಿಳಿಯದು. ಅಧಿಕಾರಿ ಮೂಲೆಯ ಮೇಜಿನಿಂದ ತನ್ನ ಬಿಸಿನೀರಿನ ಫ್ಲಾಸ್ಕು ತಂದಳು. ಎರಡು ಚಮಚದಷ್ಟು ಪುಡಿಯನ್ನು, ಬೀಜ ಹೆಚ್ಚಿದ್ದ ಕಡೆಯಿಂದಲೇ ಆರಿಸಿ, ಜರಡಿಗೆ ಹಾಕಿದಳು. ನೀರು ನಾನು ಸುರಿದೆ. ಸ್ವಲ್ಪ ಮೇಜಿನ ಮೇಲೂ ಬಿತ್ತು. ಮುಚ್ಚಳ ಹಾಕಿದೆ.

ಗೋಡೆಯ ಗಡಿಯಾರದಲ್ಲಿ ಹತ್ತೂ ಇಪ್ಪತ್ತೊಂದು.

ಒಂದು ನಿಮಿಷ. ಪಕ್ಕದ ಸಾಲಿನಲ್ಲಿ ಯಾರದೋ ಪೆಟ್ಟಿಗೆಯಿಂದ ಉಪ್ಪಿನಕಾಯಿ ಸೋರಿ ಗಲಾಟೆ ಎದ್ದಿತು. ಅಧಿಕಾರಿ ತಿರುಗಿಯೂ ನೋಡಲಿಲ್ಲ.

ಎರಡು. ಸಾರಮ್ಮನ ತುಟಿ ಸದ್ದಿಲ್ಲದೆ ಆಡುತ್ತಿತ್ತು. ಅಜ್ಜೀ, ಏನು ಹಾಕಿದೆ? ಹೇಳಿಬಿಡು. ಅವಳ ಸೀರೆತುಂಡು ಮೇಜಿನ ಮೇಲೆ ಮುದುಡಿ ಕೂತಿತ್ತು.

ಮೂರು. ಅಧಿಕಾರಿಯೇ ಮುಚ್ಚಳ ತೆಗೆದಳು. ಆವಿ ಅವಳ ಕನ್ನಡಕಕ್ಕೆ ಕವಿಯಿತು. ಒರೆಸಿಕೊಂಡು ಜರಡಿ ಎತ್ತಿ, ಕಾಗದದ ಮೇಲೆ ಬೋರಲು ಹಾಕಿದಳು.

ಪುಡಿಯ ನಡುವೆ ಏನೋ ಹೊಳೆಯುತ್ತಿತ್ತು. ಕಪ್ಪು ಚುಕ್ಕಿಗಳು, ಒಂದೊಂದರ ಸುತ್ತಲೂ ಬೂದುಬಿಳಿಯ ಲೋಳೆ, ಕಪ್ಪೆಯ ಮೊಟ್ಟೆಗಳ ಹಾಗೆ. ಗಸಗಸೆಯನ್ನು ದಿನವಿಡೀ ನೆನೆಸಿಟ್ಟರೂ ಲೋಳೆ ಬರುವುದಿಲ್ಲ.

ಅಧಿಕಾರಿ ಒಂದನ್ನು ಬೆರಳ ನಡುವೆ ಹಿಡಿದು ಜಾರಿಸಿದಳು. ಅವಳ ಹುಬ್ಬು ಮೊದಲ ಬಾರಿಗೆ ಸಡಿಲಾಯಿತು. "ರೇಹಾನ್," ಎಂದಳು.

"ಕಾಮಕಸ್ತೂರಿ ಬೀಜ!" ಸಾರಮ್ಮ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. "ರಂಜಾನ್ ನೋಂಬಿನಲ್ಲಿ ಶರಬತ್ತಿಗೆ ನಾವೇ ಹಾಕುದಲ್ವಾ, ಮಾರಾಯ್ತಿ! ಅಲ್‌ಹಮ್ದುಲಿಲ್ಲಾ! ನನ್ನ ಅರ್ಧ ಆಯುಷ್ಯ ತೆಗ್ದೆ ನೀನು."

ಆ ದೇಶ ಉಷ್ಣ ಎಂದು ಅಜ್ಜಿ ತಿಂಗಳಿಂದ ಹೇಳುತ್ತಿದ್ದಳು. ಮೈ ತಂಪಾದರೆ ನಿದ್ದೆ ತಾನಾಗಿ ಬರುತ್ತದೆ ಎಂಬುದು ಅವಳ ಲೆಕ್ಕ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅಧಿಕಾರಿ ಪಾಸ್‌ಪೋರ್ಟನ್ನು ನನ್ನ ಕಡೆ ತಳ್ಳಿದಳು. ಆಮೇಲೆ ಕಾಗದದ ನಾಲ್ಕು ಮೂಲೆ ಸೇರಿಸಿ, ಪುಡಿಯನ್ನೆಲ್ಲ ಬುಟ್ಟಿಗೆ ಹಾಕಿದಳು. ನಾನು ಎದ್ದು ನಿಂತೆ.

"ಏನೇನು ಹಾಕಿದ್ದು ಅಂತ ಚೀಟಿ ಇಲ್ಲದ ಪುಡಿ ಒಳಗೆ ಬಿಡುವ ಹಾಗಿಲ್ಲವಂತೆ," ಎಂದರು ಸಾರಮ್ಮ. "ಹೋಗ್ಲಿ ಬಿಡು, ಮಗಳೇ. ಖಲಾಸ್. ಇನ್ನೊಮ್ಮೆ ಕಳಿಸುವಾಗ ಎಲ್ಲಾ ಬರೆದು ಅಂಟಿಸ್ಲಿಕ್ಕೆ ಹೇಳು ಅಜ್ಜಿಗೆ."

"ಅಜ್ಜಿಗೆ ಬರೆಯೋಕೆ ಬರಲ್ಲ, ಅಮ್ಮಾ."

ಮೇಜಿನ ಮೇಲೆ ಮಗ್ ಉಳಿದಿತ್ತು, ಅದರಲ್ಲಿ ಅರ್ಧದಷ್ಟು ಕಷಾಯ. ಚೆಲ್ಲಬೇಕೇನೋ ಎಂದು ಅಧಿಕಾರಿಯ ಮುಖ ನೋಡಿದೆ. ಅವಳು ಕೈಯನ್ನು ಬಾಯಿಯ ಹತ್ತಿರ ಒಯ್ದು ಕುಡಿ ಎಂಬಂತೆ ತೋರಿಸಿ, "ಯಲ್ಲಾ, ಯಲ್ಲಾ," ಎಂದು ಅವಸರಪಡಿಸುತ್ತ ಮುಂದಿನ ಪೆಟ್ಟಿಗೆಗೆ ಕೈ ಹಾಕಿದಳು.

ಬೆಲ್ಲವಿಲ್ಲ, ಹಾಲಿಲ್ಲ. ಅಲ್ಲೇ ನಿಂತು ಕುಡಿದೆ. ತೂತಿನಿಂದ ಹೇಗೋ ತಪ್ಪಿಸಿಕೊಂಡ ನಾಲ್ಕಾರು ಬೀಜಗಳು ತಳದಲ್ಲಿದ್ದವು. ಅವನ್ನೂ ಬೆರಳು ಹಾಕಿ ಬಳಿದು ತಿಂದೆ. ಆಮೇಲೆ ಒದ್ದೆ ಮಗ್ಗನ್ನು ಸೀರೆತುಂಡಿನಲ್ಲಿ ಸುತ್ತಿ, ಅಜ್ಜಿ ಹಾಕಿದಂಥದೇ ಗಂಟು ಹಾಕಲು ನೋಡಿದೆ. ಎರಡು ಸಲ ಬಿಚ್ಚಿಕೊಂಡಿತು.